ನಲವತ್ತೆಂಟು ದೀಪಗಳ ಗುಟ್ಟಿನ ಪೆಟ್ಟಿಗೆ

ನಮ್ಮ ಮನೆತನದಲ್ಲಿ ಗುಟ್ಟು ಎಂದರೆ ಬೇಸಿಗೆಯ ಹಾಲು. ಬೆಳಿಗ್ಗೆ ಕಾಸಿಟ್ಟರೂ ಸಂಜೆಯೊಳಗೆ ಒಡೆದಿರುತ್ತದೆ. ಬೆಟಗೇರಿಯಲ್ಲಿ ನಾನು ಹೊಸ ಸೈಕಲ್ ಕೊಂಡರೆ ಅದರ ಬಣ್ಣ ಯಾವುದೆಂದು ಲಕ್ಷ್ಮೇಶ್ವರದಲ್ಲಿರುವ ದೊಡ್ಡವ್ವನಿಗೆ ನನಗಿಂತ ಮೊದಲೇ ಗೊತ್ತಿರುತ್ತಿತ್ತು. ಎಲ್ಲರ ಕೈಗೂ ಫೋನು ಬಂದು, ವಾಟ್ಸಾಪಿನಲ್ಲಿ ಮನೆತನದ್ದೊಂದು ಗುಂಪು ಅಂತ ಆದ ಮೇಲಂತೂ ಸಂಜೆಯ ತನಕ ಕಾಯುವ ತಾಪತ್ರಯವೂ ಉಳಿಯಲಿಲ್ಲ.

ನನ್ನದು ರಿಪೇರಿ ಅಂಗಡಿ. ಟಿವಿ, ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಸುಟ್ಟ ವಾಸನೆ ಬರುವಂಥದ್ದು ಏನೇ ತಂದರೂ ಬಿಚ್ಚಿ ನೋಡುತ್ತೇನೆ. ನನ್ನ ತಂಗಿ ಮುಂಡರಗಿಯಲ್ಲಿ ಹೈಸ್ಕೂಲಿನ ಗಣಿತದ ಟೀಚರು. ಒಂದು ಬೇಸಿಗೆ ರಜೆಯಲ್ಲಿ ಅವಳು ಅಂಗಡಿಗೆ ಬಂದು, ಕೌಂಟರಿನ ಮೇಲಿದ್ದ ಮಿಕ್ಸರಿನ ಜಾರನ್ನು ಬದಿಗೆ ಸರಿಸಿ, ಒಂದು ಚಿತ್ರ ಬಿಡಿಸಿದಳು. ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸೈನ್ಯದವರು ಗುಪ್ತ ಸಂದೇಶ ಕಳಿಸಲು ಬಳಸುತ್ತಿದ್ದ ಎನಿಗ್ಮಾ ಎಂಬ ಯಂತ್ರವಂತೆ. ನೋಡಲು ಟೈಪ್‌ರೈಟರ್ ಹಾಗೆ. ಒಂದು ಅಕ್ಷರದ ಗುಂಡಿ ಒತ್ತಿದರೆ ಬೇರೆ ಯಾವುದೋ ಅಕ್ಷರದ ದೀಪ ಹತ್ತುತ್ತದೆ. ಒಳಗೆ ಮೂರು ಗಾಲಿಗಳು. ಪ್ರತಿ ಸಲ ಒತ್ತಿದಾಗಲೂ ಗಾಲಿ ಒಂದು ಹಲ್ಲು ಮುಂದೆ ಸರಿಯುವುದರಿಂದ, ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ಹತ್ತುವುದು ಇನ್ನೊಂದು ದೀಪ.

"ಅಣ್ಣಾ, ಗಾಲಿ ಎಲ್ಲಾ ಖರೆ ಗಾಲಿನ ಬೇಕಂತಿಲ್ಲ. ಚಿಪ್ಪಿನ್ಯಾಗ ಲೆಕ್ಕದ ಗಾಲಿ ತಿರುಗಿಸಿದ್ರ ಆತು. ಆ ಲೆಕ್ಕಾ ನಾ ಬರದು ಕೊಡ್ತೀನಿ. ಗುಂಡಿ, ದೀಪ, ತಂತಿ ನಿಂದು" ಎಂದಳು.

"ಮಕ್ಕಳಿಗೆ ತೋರಸಾಕೇನು?"

"ಮಕ್ಕಳಿಗೂ ಆತು" ಎಂದು ನಕ್ಕಳು. "ದೊಡ್ಡವ್ವನ ಎದುರಿಗೇ ಕುಂತು ದೊಡ್ಡವ್ವನ ಸುದ್ದಿ ಮಾತಾಡಾಕೂ ಆತು."

ಈ ಆಸೆಯ ಮುಂದೆ ಮಿಕ್ಸರ್ ರಿಪೇರಿ ಯಾವ ಲೆಕ್ಕ? ಅಂದೇ ಕೆಲಸ ಶುರು ಮಾಡಿದೆ.

ಆದರೆ ಯಂತ್ರ ಕನ್ನಡದಲ್ಲೇ ಇರಬೇಕೆಂದು ಇಬ್ಬರೂ ಹಟ ಹಿಡಿದಿದ್ದೆವು. ಅಲ್ಲೇ ಮೊದಲ ತೊಡಕು. ಕನ್ನಡದ ಅಕ್ಷರ ನಲವತ್ತೊಂಬತ್ತು. ಈ ಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಜೋಡಿ ಇರಲೇಬೇಕು. ಕ ಒತ್ತಿದರೆ ಮ ಹತ್ತುವ ಜಾಗದಲ್ಲಿ ಮ ಒತ್ತಿದರೆ ಕ ಹತ್ತಬೇಕು. ಹಾಗಿದ್ದರೆ ಮಾತ್ರ ಆಚೆ ಊರಿನಲ್ಲಿರುವ ಅಂಥದೇ ಪೆಟ್ಟಿಗೆಯಲ್ಲಿ ಸಂದೇಶವನ್ನು ಮರಳಿ ಓದಬಹುದು. ನಲವತ್ತೊಂಬತ್ತರಲ್ಲಿ ಒಂದು ಒಂಟಿಯಾಗಿ ಉಳಿಯುತ್ತದೆ. ಒಂದನ್ನು ಕೈಬಿಡಲೇಬೇಕು.

ಯಾವುದನ್ನು ಬಿಡಬೇಕೆಂದು ಕೇಳಲು ನಾವು ಹೋದದ್ದು ದೊಡ್ಡವ್ವನ ಹತ್ತಿರವೇ. ನಮ್ಮ ಅವ್ವನ ಅಕ್ಕ. ಎಪ್ಪತ್ತು ದಾಟಿದ ಹೆಂಗಸು, ನಲವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವಳು. ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಸೂತಿ ಹಾಕುತ್ತ ಕೂಡುವವಳು. ಸೂಜಿ ಬಟ್ಟೆಯ ಮೇಲಿದ್ದರೆ ಕಣ್ಣು ಓಣಿಯ ಮೇಲೆ.

"ಅಕ್ಷರಾ ಬಿಡ್ತೀರಿ?" ಎಂದು ಕನ್ನಡಕದ ಮೇಲಿನಿಂದ ನೋಡಿದಳು. "ಮನಿ ಮಂದ್ಯಾಗ ಒಬ್ಬರನ್ನ ಹೊರಗ ಹಾಕಂತ ನನಗ ಕೇಳಾಕ ಬಂದೀರಿ?"

"ಹಂಗಲ್ಲ ದೊಡ್ಡವ್ವಾ. ಯಾರಿಗೂ ಬ್ಯಾಡಾಗಿದ್ದು ಯಾವುದರ ಒಂದು."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಹಂಗಾರ ಙ ಬಿಡ್ರಿ" ಎಂದಳು. "ನಲವತ್ತು ವರ್ಷ ಹುಡುಗರಿಗೆ ಕಲಿಸೀನಿ. ಕಲ್ತ ಮ್ಯಾಲೆ ಯಾರೂ ಅದನ್ನ ಹೊಳ್ಳಿ ನೋಡಿಲ್ಲ."

ಅಲ್ಲಿಂದ ಗುಂಡಿಗಳ ಗೋಳು. ಬೆಟಗೇರಿಗೆ ಅಂಟಿಕೊಂಡ ಗದಗಿನಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಮುದ್ರಣಾಲಯ. ನನಗೆ ಪರಿಚಯದ ಒಬ್ಬ ಹಳೆಯ ಕಂಪೋಸಿಟರ್ ಇದ್ದರು, ಸೀಸದ ಅಚ್ಚಿನ ಮೊಳೆಗಳನ್ನು ಜೋಡಿಸುತ್ತ ಬಾಳು ಕಳೆದವರು. ಅವರ ಮನೆಯಲ್ಲಿ ಒಂದು ಡಬ್ಬಿ ತುಂಬ ಮೊಳೆಗಳಿದ್ದವು. ಗುಂಡಿಗಳ ಮೇಲೆ ಅವನ್ನೇ ಅಂಟಿಸಿದರೆ ಎಷ್ಟು ಚಂದ ಎಂದುಕೊಂಡು ಆರಿಸಿ ತಂದೆ. ಮೂರು ದಿನ ಕೂತು ಒಂದೊಂದನ್ನೂ ಅಂಟಿಸಿ, ಹೆಂಡತಿಯನ್ನು ಕರೆದು ತೋರಿಸಿದೆ.

"ಇದ್ಯಾವ ಭಾಷಾರೀ?" ಎಂದು ಕೇಳಿದಳು.

ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ಉಲ್ಟಾ ಇರುತ್ತದೆ ಎಂಬುದು ಐವತ್ತರ ಗಡಿಯಲ್ಲಿದ್ದ ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಕಂಪೋಸಿಟರ್ ಬಂದು ನೋಡಿ, ಸರಾಗವಾಗಿ ಅ ಇಂದ ಳ ತನಕ ಓದಿ, "ಎಷ್ಟು ಛಲೋ ಐತಲ್ರೀ! ಉಲ್ಟಾ ಎಲ್ಲೈತಿ?" ಎಂದರು. ಅವರೊಬ್ಬರಿಗಾಗಿ ಯಂತ್ರ ಮಾಡುವುದಾಗಿದ್ದರೆ ಕೆಲಸ ಅಲ್ಲಿಗೇ ಮುಗಿದಿತ್ತು. ಮೊಳೆಗಳನ್ನು ಕಿತ್ತು ವಾಪಸು ಕೊಟ್ಟು, ಕಾಗದದಲ್ಲಿ ಅಕ್ಷರ ಮುದ್ರಿಸಿ ಮೇಲೆ ಪಾರದರ್ಶಕ ಟೇಪು ಹಚ್ಚಿದೆ.

ಅಂಗಡಿಯ ಅಟ್ಟದ ಮೇಲೆ ಎರಡು ಹಳೆಯ ರೇಡಿಯೋಗಳ ಮರದ ಪೆಟ್ಟಿಗೆಗಳಿದ್ದವು. ಒಂದೊಂದರಲ್ಲೂ ನಲವತ್ತೆಂಟು ಗುಂಡಿ, ನಲವತ್ತೆಂಟು ಸಣ್ಣ ದೀಪ, ಅಂಗೈಯಲ್ಲಿ ಹಿಡಿಯುವಷ್ಟು ಒಂದು ಚಿಪ್ಪಿನ ಬೋರ್ಡು. ತಂಗಿ ತನ್ನ ಲೆಕ್ಕವನ್ನು ಎರಡಕ್ಕೂ ತುಂಬಿದಳು. ಪದಗಳನ್ನು ಬಿಡಿಸಿ ಒತ್ತುವುದೆಂದು ಗೊತ್ತುಮಾಡಿಕೊಂಡೆವು. 'ಕಾ' ಎನ್ನಲು ಕ, ಆ. 'ಕಿ' ಎನ್ನಲು ಕ, ಇ. ಮೊದಲ ದಿನ ನನ್ನ ಪೆಟ್ಟಿಗೆಯಲ್ಲಿ 'ಶೇಂಗಾ' ಎಂದು ಒತ್ತಿದರೆ ಅವಳ ಪೆಟ್ಟಿಗೆಯಲ್ಲಿ ಅದು 'ಷೇಂಗಾ' ಆಗಿ ಹೊರಬಂತು. ಎರಡು ದಿನ ಅವಳ ಲೆಕ್ಕವನ್ನು ಬೈದೆ. ಆಮೇಲೆ ನೋಡಿದರೆ ಬೆಸುಗೆ ಹಾಕುವಾಗ ನಾನೇ ಶ ಮತ್ತು ಷ ತಂತಿಗಳನ್ನು ಅದಲುಬದಲು ಮಾಡಿದ್ದೆ.

ಸಿದ್ಧವಾದ ಪೆಟ್ಟಿಗೆಯನ್ನು ಮೊದಲು ತೋರಿಸಿದ್ದು ದೊಡ್ಡವ್ವನಿಗೆ. ನಮ್ಮ ಸೊಕ್ಕು ನೋಡಿ. ಅವಳ ಬೆರಳನ್ನು ಹಿಡಿದು ಅ ಗುಂಡಿಯ ಮೇಲಿಟ್ಟು, "ಎಷ್ಟು ಸಲಾ ಬೇಕಾರ ಒತ್ತು. ಬ್ಯಾರೆ ಎಲ್ಲಾ ಹತ್ತತಾವು, ಅ ಮಾತ್ರ ಹತ್ತಂಗಿಲ್ಲ. ಯಾವ ಅಕ್ಷರಾನೂ ತಾನು ತಾನಾಗಿ ಬರಂಗಿಲ್ಲ" ಎಂದು ವಿವರಿಸಿದೆ. ಜೋಡಿಯ ವಿಷಯ, ಪದ ಬಿಡಿಸುವ ವಿಷಯ, ಎಲ್ಲವನ್ನೂ ತಂಗಿ ಹೇಳಿದಳು. ದೊಡ್ಡವ್ವ ಎಂಟು ಹತ್ತು ಸಲ ಒತ್ತಿ, "ಛಲೋ ಐತಿ. ದೀಪಾವಳಿಗೆ ಬಾಗಲಕ್ಕ ಹಾಕ್ರಿ" ಎಂದು ಕಸೂತಿಗೆ ಮರಳಿದಳು.

ಜೂನ್‌ನಿಂದ ಸಂದೇಶಗಳು ಹೊರಟವು. ಇಬ್ಬರೇ ಮಾತಾಡಿಕೊಳ್ಳಬಹುದಿತ್ತು, ಅದರಲ್ಲಿ ಏನು ರುಚಿ? ಮನೆತನದ ಗುಂಪಿನಲ್ಲೇ, ಎಲ್ಲರ ಕಣ್ಣೆದುರಿಗೇ ಹಾಕುತ್ತಿದ್ದೆವು. 'ಝ ಚ ಔ ಮ ಫ ಗ...' ಎಂದು ಸಾಲುಗಟ್ಟಲೆ. ಇದೇನೆಂದು ಕೇಳಿದವರಿಗೆ ಫೋನಿನ ಕನ್ನಡ ಕೀಲಿಮಣೆ ಪರೀಕ್ಷೆ ಎಂದೆವು. ಶಿರಹಟ್ಟಿಯ ಕಾಕಾ ಮಾತ್ರ ಅದು ಯಾವುದೋ ಬೀಜಮಂತ್ರವೆಂದು ನಂಬಿ ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಹಾಕುತ್ತಿದ್ದರು. 'ಕಾಕಾ ಮತ್ತ ಬಣ್ಣ ಹಚ್ಚಿಕೊಂಡ ಕೂದಲಾ ನೋಡಿದ್ಯಾ' ಎಂದು ತಂಗಿ ಬರೆದದ್ದಕ್ಕೂ ಅವರು ಭಕ್ತಿಯಿಂದ ಕೈಮುಗಿದರು. ಆ ದಿನ ಅಂಗಡಿಯಲ್ಲಿ ಗಿರಾಕಿಯ ಎದುರು ನಗು ತಡೆಯಲಾಗದೆ ಕೆಮ್ಮು ಬಂದವನಂತೆ ನಟಿಸಿದೆ.

ತಂಗಿ ಒಂದು ನಿಯಮ ಮಾಡಿದ್ದಳು. ದಿನಾಲೂ ಗಾಲಿಗಳನ್ನು ಬೇರೆ ಬೇರೆ ಅಕ್ಷರದಿಂದ ಶುರು ಮಾಡಬೇಕು, ತಾರೀಖಿನ ಪ್ರಕಾರ. ನನಗೆ ತಾರೀಖು ನೆನಪಿರುವುದಿಲ್ಲ. ನಾಲ್ಕು ದಿನ ನನ್ನ ಸಂದೇಶ ಅವಳಿಗೆ, ಅವಳದು ನನಗೆ ಬರೀ ಕಸವಾಗಿ ಕಂಡಿತು. "ಹೋಗಲಿ, ದಿನಾ ಅ ಅ ಅ ದಿಂದನ ಚಾಲೂ ಮಾಡು ಮಾರಾಯಾ" ಎಂದು ಕೈಬಿಟ್ಟಳು. ಶಾಲೆಯಲ್ಲಿ ಮಧ್ಯಾಹ್ನದ ಬಿಡುವು ಒಂದು ಗಂಟೆಗೆ. ಅವಳು ಊಟ ಮುಗಿಸಿ ಒತ್ತುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ, 'ಊಟ ಆತೇನು'. ನನ್ನ ಉತ್ತರವೂ ಒಂದೇ, 'ಆತು ನಿಂದು'. ಆಮೇಲೆ ಸುದ್ದಿ.

ಆಷಾಢದಲ್ಲಿ ಮೊದಲ ವಿಚಿತ್ರ ನಡೆಯಿತು. ದೊಡ್ಡವ್ವ ಶೇಂಗಾ ಹೋಳಿಗೆ ಮಾಡಿ ಎಲ್ಲರ ಮನೆಗೂ ಕಳಿಸುವವಳು. ಆ ವರ್ಷದ ಹೋಳಿಗೆ ಗಟ್ಟಿಯಾಗಿದ್ದವು. 'ದೊಡ್ಡವ್ವನ ಹೋಳಿಗಿ ಈ ಸಲಾ ಚಪ್ಪಲಿ' ಎಂದು ನಾನು ಬರೆದೆ. ಮುಂದಿನ ಗಂಟು ಬಂದಾಗ ಮುಂಡರಗಿಗೆ ಹನ್ನೆರಡು ಹೋಳಿಗೆ, ಶಿರಹಟ್ಟಿಗೆ ಹನ್ನೆರಡು. ಬೆಟಗೇರಿಗೆ ಒಂದು ಪೊಟ್ಟಣ ಚುರಮರಿ.

ಶ್ರಾವಣದಲ್ಲಿ ಎರಡನೆಯದು. ಸೋಮವಾರ ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಹೋಗಿ ಬರೋಣವೆಂದು ತಂಗಿ ಬರೆದಳು. ದೊಡ್ಡವ್ವನ ಮನೆಗೆ ಹೋದರೆ ಇಡೀ ದಿನ ಅಲ್ಲೇ, ಊಟ, ಉಪದೇಶ, ನಮ್ಮ ಮಾತಿನಲ್ಲಿ ಒತ್ತಕ್ಷರದ ತಪ್ಪು ಹುಡುಕುವುದು. ಆದ್ದರಿಂದ 'ದೊಡ್ಡವ್ವಗ ತಿಳಿಸೂದು ಬ್ಯಾಡ' ಎಂದು ಗುಂಪಿನಲ್ಲಿ, ಅವಳ ಮೂಗಿನ ಕೆಳಗೇ, ತೀರ್ಮಾನಿಸಿದೆವು. ಕಳ್ಳರ ಹಾಗೆ ಬಸ್ಸಿಳಿದು, ಹಿಂದಿನ ಓಣಿಯಿಂದ ನಡೆದು ಗುಡಿಯ ಅಂಗಳಕ್ಕೆ ಕಾಲಿಟ್ಟರೆ, ಕಲ್ಲುಕಟ್ಟೆಯ ಮೇಲೆ ಮಡಿ ಸೀರೆ ಉಟ್ಟು ದೊಡ್ಡವ್ವ ಕೂತಿದ್ದಾಳೆ. ಪಕ್ಕದಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ.

"ಬರ್ರಿ, ಕುಂಡ್ರಿ" ಎಂದಳು. "ರೊಟ್ಟಿ ಮೂವರಿಗೆ ಆಗುವಷ್ಟ ತಂದೇನಿ."

"ನಾವು ಬರೂದು ನಿನಗ ಹೆಂಗ ಗೊತ್ತಾತು?" ಎಂದೆ.

"ಶ್ರಾವಣ ಸೋಮವಾರಲೇ. ದೇವರ ಹೇಳಿದಾ."

ಒಂದೂವರೆ ತಾಸು ಉಪದೇಶ ಕೇಳಿ, ಕಾಳುಪಲ್ಯ ಉಂಡು ಬಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ನನ್ನ ಕಿವಿಯಲ್ಲಿ, "ವೈನಿ ಹೇಳಿರಬೇಕು" ಎಂದಳು. ವೈನಿ ಎಂದರೆ ನನ್ನ ಹೆಂಡತಿ. ನಾನು, "ಯಾಕ, ನಿನ್ನ ಗಂಡ ಹೇಳಿರಬಾರದೇನು?" ಎಂದೆ. ಯಂತ್ರದ ಮೇಲೆ ಮಾತ್ರ ಇಬ್ಬರಿಗೂ ಎಳ್ಳಷ್ಟೂ ಅನುಮಾನ ಬರಲಿಲ್ಲ. ಅಂದಿನಿಂದ ನಾನು ಸಂದೇಶ ಬರೆದ ಚೀಟಿಗಳನ್ನು ಅಕ್ಕಿಡಬ್ಬಿಯಲ್ಲಿ ಹುಗಿದಿಡತೊಡಗಿದೆ. ಒಂದು ದಿನ ಅನ್ನದಲ್ಲಿ ಚೀಟಿ ಬೆಂದು ಬಂತು. ಹೆಂಡತಿ ಅದನ್ನು ತಟ್ಟೆಯಿಂದ ಎತ್ತಿ ಹಿಡಿದು, "ಅಕ್ಷರಾಭ್ಯಾಸಾ ಹೊಟ್ಟ್ಯಾಗ ನಡಸೀರೇನು?" ಎಂದಳು. ಅವಳು ಸುದ್ದಿ ಮುಟ್ಟಿಸುವವಳಲ್ಲ ಎಂದು ಆಗಲೇ ತಿಳಿಯಬೇಕಿತ್ತು.

ಮೂರನೆಯದರಲ್ಲಿ ನಗು ಇರಲಿಲ್ಲ. ಮಧ್ಯಾಹ್ನ ಒಂದೂಕಾಲಿಗೆ ತಂಗಿಯ ಸಂದೇಶ ಬಂತು. ಅಂಗಡಿಯಲ್ಲಿ ಒಂದು ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದೇ ಇನ್ನೊಂದರಿಂದ ಒತ್ತುತ್ತ ಹೋದೆ. 'ಊಟ ಆತೇನು. ಎದ್ಯಾಗ ಗಂಟು ಬಂದೈತಿ. ಮಂಗಳವಾರ ಗದಗಕ್ಕ ಬರ್ತೀನಿ. ಯಾರಿಗೂ ಹೇಳಬ್ಯಾಡ.' ಕಡೆಯ ದೀಪ ಆರಿದ ಮೇಲೆ ಕಡ್ಡಿಯನ್ನು ಕೆಳಗಿಟ್ಟೆ. ಆಟಕ್ಕೆ ಮಾಡಿದ ಪೆಟ್ಟಿಗೆಯಿಂದ ಇಂಥ ಮಾತು ಹೊರಬರಬಹುದೆಂದು ನಾನು ಎಣಿಸಿರಲಿಲ್ಲ. ಏಳೆಂಟು ಜನರಿರುವ ಮನೆಯಲ್ಲಾಗಲಿ, ಟೀಚರುಗಳು ತುಂಬಿದ ಶಾಲೆಯಲ್ಲಾಗಲಿ ಫೋನಿನಲ್ಲಿ ಹೇಳಲು ಅವಳಿಗೆ ಧೈರ್ಯವಾಗಿರಲಿಲ್ಲ. ಗುಂಪಿನಲ್ಲಿ ಅದರ ಕೆಳಗೆ ಕಾಕಾ ಎಂದಿನಂತೆ ಕೈಮುಗಿದಿದ್ದರು.

ಮಂಗಳವಾರ ಅವಳನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಗದಗಿನ ಆಸ್ಪತ್ರೆಗೆ ಹೋದೆ. ನಮ್ಮ ಮನೆಯ ಹೆಂಗಸರು ವರ್ಷಗಳಿಂದ ಹೋಗುವ ಆಸ್ಪತ್ರೆ ಅದು. ಒಳಗೆ ಹೋದರೆ ಗೋಡೆಯ ಪಕ್ಕದ ಬೆಂಚಿನ ಮೇಲೆ ದೊಡ್ಡವ್ವ, ಕಸೂತಿಯ ಚೀಲದೊಂದಿಗೆ.

"ಮೊಣಕಾಲು ತೋರಸಾಕ ಬಂದಿದ್ದೆ" ಎಂದಳು. ಅದು ಹೆರಿಗೆ, ಹೆಣ್ಣುಮಕ್ಕಳ ಕಾಯಿಲೆಗಳ ಆಸ್ಪತ್ರೆ. ಅವಳು ನಮ್ಮನ್ನು ಏಕೆ ಬಂದಿರೆಂದು ಕೇಳಲಿಲ್ಲ. ತಂಗಿಯ ಪಕ್ಕ ಸರಿದು ಕೂತು, ದಾರದ ಉಂಡೆಯೊಂದನ್ನು ಅವಳ ಕೈಗೆ ಕೊಟ್ಟು, "ಇದನ್ನ ಹಿಡಕೊಂಡು ಕುಂಡ್ರು, ಸಿಕ್ಕ ಬಿದ್ದೈತಿ, ಬಿಡಸಬೇಕು" ಎಂದಳು. ಮೂರು ತಾಸು ಇಬ್ಬರೂ ಸಿಕ್ಕು ಬಿಡಿಸಿದರು. ನನಗೆ ಆಗಾಗ ಚಹಾ ತರುವ ಕೆಲಸ. ಒಂದು ವಾರದ ಮೇಲೆ ವರದಿ ಬಂತು, ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಂದು ತಂಗಿಯ ಸಂದೇಶದಲ್ಲಿ ಊಟದ ಮಾತೇ ಬರಲಿಲ್ಲ. 'ಏನಿಲ್ಲಂತ ಏನಿಲ್ಲಂತ' ಎಂದು ಎರಡು ಸಲ ಒತ್ತಿದ್ದಳು.

ಅದಾಗಿ ನಾಲ್ಕು ದಿನಕ್ಕೆ ಗುಂಪಿನಲ್ಲಿ ಮತ್ತೊಂದು ಅಕ್ಷರಗಳ ಸಾಲು ಕಂಡಿತು. ಗಂಟೆ ಒಂದು. ತಂಗಿಯದೆಂದು ಕಾಗದದಲ್ಲಿ ಇಳಿಸಿಕೊಂಡು, ಗಾಲಿಗಳನ್ನು ಅ ಅ ಅ ಕ್ಕೆ ತಂದು ಒತ್ತತೊಡಗಿದೆ. ಒಟ್ಟು ಮೂವತ್ತೇಳು ಅಕ್ಷರ. ದೀಪಗಳು ಒಂದೊಂದಾಗಿ ಹತ್ತಿದವು.

'ಊಟ ಆತೇನು. ಹೋಳಿಗಿ ಚಪ್ಪಲಿ ಆದ್ರ ಬರಿಗಾಲಿಲೆ ಬಾ.'

ಕಳಿಸಿದವರು ಯಾರೆಂದು ಆಗ ನೋಡಿದೆ. ದೊಡ್ಡವ್ವ.

ಫೋನು ಮಾಡುವಷ್ಟರಲ್ಲಿ ತಂಗಿಯದೇ ಬಂತು. "ಅಣ್ಣಾ, ನಿನ್ನ ಪೆಟಿಗಿ ಅಂಗಡ್ಯಾಗ ಐತಿಲ್ಲೋ ನೋಡು. ಆಕಿ ಕದ್ದಾಳ!"

"ನನ್ನ ಎದುರಿಗೇ ಐತಲೇ. ನಿಂದು?"

"ನಂದೂ ಇಲ್ಲೇ ಐತಿ."

ಆ ಭಾನುವಾರ ಲಕ್ಷ್ಮೇಶ್ವರಕ್ಕೆ ಹೋದೆವು. ಈ ಸಲ ನೆಟ್ಟಗೆ ಅವಳ ಮನೆಗೆ. ಹೊಸ್ತಿಲಲ್ಲಿ ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದಳು. ಬಿಚ್ಚಿ ಒಳಗೆ ಹೋದೆ. ಕಸೂತಿಯ ಚೀಲದಿಂದ ಅವಳು ಚೌಕದ ಗೆರೆಗಳ ಒಂದು ನೋಟುಬುಕ್ಕು ತೆಗೆದಳು. ಎಳೆ ಎಣಿಸಿ ಕಸೂತಿಯ ನಕ್ಷೆ ಬರೆದುಕೊಳ್ಳುವ ಪುಸ್ತಕ. ಅದರ ತುಂಬ ನಮ್ಮ ಸಂದೇಶಗಳು, ಒಂದರ ಕೆಳಗೊಂದು, ಒಂದು ಚೌಕಕ್ಕೆ ಒಂದು ಅಕ್ಷರ.

"ದಿನಾ ಒಂದು ಗಂಟೆಕ್ಕ ಬರೂ ಸಾಲು ಎಲ್ಲಾ ಅದ ಎಂಟು ಅಕ್ಷರದಿಂದ ಚಾಲೂ ಆಗತಿದ್ದವು" ಎಂದಳು. "ಒಂದು ಗಂಟೆಕ್ಕ ನಮ್ಮ ಕಡೆ ಮಂದಿ ಮೊದಲ ಏನ್ ಕೇಳ್ತಾರ? ಊ, ಟ, ಅ, ಆ, ತ, ಏ, ನ, ಉ. ಎಣಿಸಿ ನೋಡಿದೆ, ಎಂಟ ಐತಿ."

ತಂಗಿ ನನ್ನ ಕಡೆ ನೋಡಿದಳು. ನಾನು ಮಾಡಿನ ಕಡೆ ನೋಡಿದೆ.

"ಆಮ್ಯಾಲೆ?"

"ಆಮ್ಯಾಲೆ ಮತ್ತ ಎಂಟು ಅಕ್ಷರಾ ಬಾಳ ದಿನಾ ಹಂಗ ಬರತಿದ್ದವು. ಊಟ ಆದ ಮ್ಯಾಲೆ ನಿಮಗ ಯಾರ ಸುದ್ದಿ ಬೇಕು? ನಂದ! ದ, ಒ, ಡ, ಡ, ಅ, ವ, ವ, ಅ. ಜೋಡಿ ಡ ಗೆ ಎರಡು ಬ್ಯಾರೆ ಬ್ಯಾರೆ ಅಕ್ಷರಾ ಬಂದು ಹದಿನೈದು ದಿನಾ ತಲಿ ತಿಂದ್ವು. ಪ್ರತಿ ಚೌಕಕ್ಕ ಅದರದ ಜೋಡಿ ಐತಿ ಅಂತ ನೀವ ಹೇಳಿದ್ರಲ್ಲ, ಅದು ನೆನಪಾತು. ಒಂದು ತಿಳದ್ರ ಎರಡು ತಿಳದಂಗ. ಬಾಕಿದ್ದು ಬರೇ ತಾಳ್ಮಿ. ನಲವತ್ತು ಅಕ್ಷರದ ತನಕ ಓದತೇನಿ. ಅದರಾಚೆ ನಿಮ್ಮ ಸಾಲು ಕಡಿಮಿ, ಸಿಗಂಗಿಲ್ಲ."

ತಂಗಿ ನಿಧಾನವಾಗಿ ಪುಟ ತಿರುಗಿಸಿದಳು. ಒಂದು ಕಡೆ ಬೆರಳು ನಿಂತಿತು. 'ಎದ್ಯಾಗ ಗಂಟು' ಎಂದು ದೊಡ್ಡವ್ವನ ದುಂಡನೆಯ ಅಕ್ಷರದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ಉಳಿದ ಸಾಲುಗಳನ್ನೆಲ್ಲ ಪೆನ್ನಿನಿಂದ ಬರೆದಿದ್ದಳು.

"ಇದರ ಕೊನಿಗೆ ಯಾರಿಗೂ ಹೇಳಬ್ಯಾಡ ಅಂತ ಇತ್ತು" ಎಂದಳು ತಂಗಿ.

"ಅಲ್ಲಿತನಕ ನನ್ನ ಲೆಕ್ಕ ಮುಟ್ಟಿಲ್ಲ, ಮಂಗಳವಾರ ಗದ ಅನ್ನೂದಕ್ಕ ಮುಗೀತು" ಎಂದಳು ದೊಡ್ಡವ್ವ. "ಆದ್ರೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಹೇಳೂದು ಏನಿತ್ತು? ಕೇಳವರು ಯಾರಿದ್ರು?"

ಬೆಟಗೇರಿಯ ಸೈಕಲ್ಲಿನ ಬಣ್ಣವನ್ನು ನಾಲ್ಕೂರಿಗೆ ಸಾರುತ್ತಿದ್ದ ಹೆಂಗಸು ಇವಳೇ ಹೌದೇ ಎಂದು ನನಗೆ ಒಂದು ಕ್ಷಣ ಅನುಮಾನವಾಯಿತು. ತಂಗಿ ಎದ್ದು ಅಡುಗೆಮನೆಗೆ ಹೋಗಿ, ನೀರು ಕುಡಿದು ಬಂದಳು. ಬಂದವಳು, "ಶಾಲಿಗೆ ಬರ್ತೀಯೇನು? ನಮ್ಮ ಹುಡಿಗ್ಯಾರಿಗೆ ಇದನ್ನ ತೋರಸಬೇಕು" ಎಂದಳು.

ದೊಡ್ಡವ್ವ ಹೋದಳು. ಮುಂಡರಗಿಯ ಶಾಲೆಯಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನಾನು ಅರ್ಧ ತಾಸು ದೀಪ ಹತ್ತಿಸಿದೆ. ಹುಡುಗಿಯರು ಸೌಜನ್ಯದಿಂದ ನೋಡಿದರು. ದೊಡ್ಡವ್ವ ನೋಟುಬುಕ್ಕು ತೆಗೆದು ಬೋರ್ಡಿನ ಮೇಲೆ ಚೌಕ ಹಾಕತೊಡಗಿದಾಗ ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದರು. ಗಂಟೆ ಬಾರಿಸಿದರೂ ಯಾರೂ ಹೊರಡಲಿಲ್ಲ. ನಡುವೆ ಒಮ್ಮೆ ನಾನು ಬಾಯಿ ಹಾಕಿ ಏನೋ ವಿವರಿಸಹೋದೆ. "ನೀ ಸುಮ್ನ ಕುಂಡ್ರು, ಶ ಷ ಗೊತ್ತಿಲ್ಲದವಾ" ಎಂದು ಮಕ್ಕಳೆದುರಿಗೇ ಹೇಳಿದಳು. ಅದನ್ನು ಅವಳಿಗೆ ಯಾರು ಹೇಳಿದ್ದರೋ! ನಮ್ಮ ಸಂದೇಶದಲ್ಲೇ ಎಲ್ಲೋ ಇದ್ದಿರಬೇಕು.

ಶಾಲೆಯ ಗೇಟಿನಲ್ಲಿ ಅವಳು ನನಗೊಂದು ಆಜ್ಞೆ ಮಾಡಿದಳು. ಮೂರನೆಯ ಪೆಟ್ಟಿಗೆ ಬೇಕು, ಅದೂ ಗುಂಡಿಗಳು ದೊಡ್ಡವಿರಬೇಕು, ಕಣ್ಣಿಗೆ ಕಾಣುವಂತೆ. ರೇಡಿಯೋ ಪೆಟ್ಟಿಗೆ ಇರಲಿಲ್ಲ, ಬಡಿಗನಿಂದ ಹೊಸದನ್ನು ಮಾಡಿಸಿ, ಒಂದೊಂದು ಬೆಸುಗೆಯನ್ನೂ ಎರಡು ಸಲ ನೋಡಿ ಹಾಕಿಕೊಟ್ಟೆ.

ಈಗ ಅವಳು ಮತ್ತು ನನ್ನ ತಂಗಿ ದಿನಾಲೂ ಮಾತಾಡುತ್ತಾರೆ, ಗುಂಪಿನಲ್ಲಿ, ಎಲ್ಲರೆದುರಿಗೆ. ಗಾಲಿಗಳನ್ನು ಅ ಅ ಅ ದಿಂದ ಶುರು ಮಾಡುವ ಪದ್ಧತಿಯನ್ನು ಕೈಬಿಟ್ಟಿದ್ದಾರೆ. ಯಾವುದರಿಂದ ಶುರು ಮಾಡುತ್ತಾರೆಂದು ನನಗೆ ತಿಳಿಸಿಲ್ಲ. ಕೇಳಿದರೆ ತಂಗಿ, "ನಿನಗ ತಾರೀಖು ನೆನಪಿರಂಗಿಲ್ಲಲ್ಲ" ಎನ್ನುತ್ತಾಳೆ. ಮೊನ್ನೆ ನನ್ನ ಹೆಂಡತಿಯೂ ಒಂದು ಸಾಲು ಹಾಕಿದಳು. ಪೆಟ್ಟಿಗೆ ಎಲ್ಲಿಂದ ಬಂತೆಂದರೆ, ನಾನು ಗಿರಾಕಿಯ ಮನೆಗೆ ಹೋದಾಗ ಅಂಗಡಿಗೆ ಬಂದು ನನ್ನದನ್ನೇ ಬಳಸಿದ್ದಳಂತೆ. ಅ ಅ ಅ ದಿಂದ ಒತ್ತಿ ನೋಡಿದರೆ ಬರೀ ಕಸ. ಅದರಲ್ಲಿ ಏನು ಬರೆದಿದ್ದೀ ಎಂದು ಕೇಳಿದೆ.

"ಕೀಲಿಮಣಿ ಪರೀಕ್ಷಾರೀ" ಎಂದು ಕಸಬರಿಗೆ ಎತ್ತಿಕೊಂಡು ಹಿತ್ತಲಿಗೆ ಹೋದಳು.